ನಾಲ್ಕು ಮಂದಿ ಎತ್ತುವ ದಿಮ್ಮಿ

ಗಂಡನನ್ನು ಮರದಿಂದ ಇಳಿಸಬೇಕೆಂದೇ ಹಾಲವ್ವ ಆ ಗಾಡಿ ಕೊಂಡದ್ದು. ಬೇರೆ ಏನು ಕಾರಣ ಹೇಳಿದರೂ ನಂಬಬೇಡಿ. ಆಂಟಾಪ್ ಹಿಲ್‌ನ ಅವರ ಗಲ್ಲಿಯಲ್ಲಿ ಹೇಳುವವರಿಗೆ ಬರವಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರು. ಬಿಜಾಪುರದ ಕಡೆಯಿಂದ ಬರುವಾಗ ಒಂದು ಕೊಡಲಿ ಬಿಟ್ಟರೆ ಗತಿಯಿರಲಿಲ್ಲ, ಈಗ ನೋಡು ಮಷೀನಿನ ಒಡತಿ ಅಂದರು. ಅನ್ನಲಿ, ನಾಲಿಗೆಗೆ ಎಲುಬಿಲ್ಲ. ಮಲಾಡಿನ ಸೊಸೈಟಿಯೊಂದರಲ್ಲಿ ಈಶ್ವರ ಮರದ ತುದಿಯಿಂದ ಕಾಲು ಜಾರಿ, ಸೊಂಟದ ಹಗ್ಗಕ್ಕೆ ಸಿಕ್ಕು ತಲೆಕೆಳಗಾಗಿ ನೇತಾಡಿದಾಗ ಕೆಳಗೆ ನಿಂತು ನೋಡಿದವಳು ಅವಳು. ಗಲ್ಲಿಯವರು ನೋಡಿರಲಿಲ್ಲ. ಅವನ ಮುರಿದ ಪಕ್ಕೆಲುಬುಗಳು ಮಳೆಗಾಲ ಮುಗಿಯುವಷ್ಟರಲ್ಲಿ ಕೂಡಿಕೊಂಡವು. ಅವಳ ಎದೆಯೊಳಗಿನ ಭಯ ಮಾತ್ರ ಹಾಗೇ ಉಳಿಯಿತು.

"ಇನ್ನ ಮ್ಯಾಲ ನೀವು ಮರಾ ಹತ್ತಂಗಿಲ್ಲ. ನನ್ನಾಣಿ ಐತಿ," ಅಂದಳು.

"ಹತ್ತಲಿಲ್ಲಂದ್ರ ಏನ್ ಮಾಡ್ಲಿ? ಮನ್ಯಾಗ ಕುಂತು ಬಳಿ ಇಟ್ಕೊಳ್ಳೇನು?"

ಅವನ ಸಿಟ್ಟಿನಲ್ಲೂ ನ್ಯಾಯವಿತ್ತು. ಮರ ಕತ್ತರಿಸುವ ತಂಡದ ಮೇಸ್ತ್ರಿ ಅವನು. ಮರ ಹತ್ತದ ಮೇಸ್ತ್ರಿಯ ಮಾತನ್ನು ಹತ್ತುವವರು ಯಾಕೆ ಕೇಳಬೇಕು? ಕೆಲಸದ ಜಾಗದಲ್ಲಿ ಅವನು ಕೈಕಟ್ಟಿ ನಿಲ್ಲುತ್ತಿದ್ದ, ಎಲ್ಲರನ್ನೂ ಬೈಯುತ್ತಿದ್ದ, ಒಂದು ದಿನ ಅವಳ ಕಣ್ಣು ತಪ್ಪಿಸಿ ಹತ್ತಿಯೇಬಿಟ್ಟ. ಅವತ್ತೇ ಹಾಲವ್ವ ಮನಸ್ಸು ಗಟ್ಟಿ ಮಾಡಿದಳು. ನೆಲದ ಮೇಲೆ ನಿಂತು ಮಾಡುವ, ಆದರೂ ಮೇಸ್ತ್ರಿ ಅನ್ನಿಸಿಕೊಳ್ಳುವ ಕೆಲಸವೊಂದು ಇವನಿಗೆ ಬೇಕು. ಇಲ್ಲದಿದ್ದರೆ ಇವನು ತನಗೆ ಉಳಿಯುವುದಿಲ್ಲ.

ಅಂಥ ಗಾಡಿಯನ್ನು ಅವಳು ಒಂದು ಬಂಗಲೆಯ ತೋಟದಲ್ಲಿ ನೋಡಿದ್ದಳು. ಮುಂಬೈಯ ಹಳೆಯ ಸೊಸೈಟಿಗಳ ಗೇಟಿನಲ್ಲಿ ಜೆಸಿಬಿ ಹಿಡಿಸುವುದಿಲ್ಲ. ಇದು ಆಟೋರಿಕ್ಷಾ ಹೋಗುವ ಕಡೆ ಹೋಗುತ್ತದೆ. ಚಕ್ರದ ಬದಲು ಎರಡೂ ಬದಿಗೆ ಅಗಲವಾದ ರಬ್ಬರಿನ ಪಟ್ಟಿ, ಮುಂದೆ ದಿಮ್ಮಿಯನ್ನು ಕಚ್ಚಿ ಎತ್ತುವ ಕಬ್ಬಿಣದ ಪಂಜಾ, ಹಿಂದೆ ಒಬ್ಬನೇ ನಿಂತು ನಡೆಸಲು ಒಂದು ಹಲಗೆ. ಚೈನ್ ಗಾಡಿ ಅಂತ ಎಲ್ಲರೂ ಕರೆಯುವುದು. ಊರಿನ ಜಾಗ ಹೋಯಿತು, ಕೊರಳಿನದೂ ಹೋಯಿತು, ಗಾಡಿ ಬಂತು. ಬಿಲ್ಲು ಹಾಲವ್ವನ ಹೆಸರಿನಲ್ಲೇ ಆಯಿತು. ಈಶ್ವರ ಅದರ ಹಣೆಯ ಮೇಲೆ ಕೆಂಪು ಬಣ್ಣದಲ್ಲಿ "ಹಾಲವ್ವ" ಎಂದು ಕನ್ನಡದಲ್ಲೇ ಬರೆಸಿದ.

"ಜಲ್ಮದಾಗ ಮೊದಲ್ನೇ ಸಲ ಹಾಲವ್ವ ನಾ ಹೇಳಿದ ಕಡೆ ತಿರಗಾಕತ್ತಾಳ ನೋಡ್ರಿ," ಅಂತ ಎಲ್ಲರೆದುರು ಹಿಡಿಕೆ ತಿರುಗಿಸಿ ತೋರಿಸುತ್ತಿದ್ದ.

ಹಾಲವ್ವ ಸಿಟ್ಟು ಬಂದವಳಂತೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಒಳಗೆ ಅವಳಿಗೆ ಎಷ್ಟು ಸಂತೋಷ! ಗಂಡ ಮತ್ತೆ ನಗುತ್ತಿದ್ದ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುತ್ತಿದ್ದ, ಅವನ ಎರಡೂ ಕಾಲು ನೆಲಕ್ಕೆ ಗೇಣುದ್ದ ಹತ್ತಿರದಲ್ಲಿದ್ದವು. ರಾತ್ರಿ ಅವಳಿಗೆ ನಿದ್ದೆ ಬರತೊಡಗಿತು.

ಆದರೆ ಗಾಡಿ ಬಂದ ಮನೆಯಲ್ಲಿ ಕೈಗಳು ಬೇಕಾದ್ದಕ್ಕಿಂತ ಹೆಚ್ಚಾಗುತ್ತವೆ. ಹಿಂದೆ ತಂಡದಲ್ಲಿ ಹತ್ತು ಹನ್ನೆರಡು ಮಂದಿ. ಕಾಂಡವನ್ನು ನಾಲ್ಕು ಮಂದಿ ಹೊರುವಷ್ಟು ತುಂಡು ಮಾಡಿ, ಹಗ್ಗ ಕಟ್ಟಿ, ಬಿದಿರು ತೂರಿಸಿ ಹೆಗಲ ಮೇಲೆ ಗೇಟಿನ ತನಕ ಸಾಗಿಸುತ್ತಿದ್ದರು. ಈಗ ಅಷ್ಟು ಜನ ಯಾಕೆ? ಒಬ್ಬೊಬ್ಬರನ್ನೇ ಕೆಲಸದಿಂದ ಬಿಡಿಸಿದರು. ಬಿಡಿಸಿದವಳು ಹಾಲವ್ವನೇ, ಈಶ್ವರನಿಗೆ ಬಾಯಿ ಬರಲಿಲ್ಲ. ಕೊನೆಗೆ ಉಳಿದವರು ಮರ ಹತ್ತುವ ಅವಳ ತಮ್ಮ ಬಸು, ಹಗ್ಗ ಹಿಡಿಯುವ ಇಬ್ಬರು, ಗಾಡಿಯ ಮೇಲೆ ಈಶ್ವರ. ತಂಡದ ಹಿರಿಯ ಧರ್ಮಣ್ಣನಿಗೆ ಹೇಳುವಾಗ ಅವಳಿಗೂ ಕಷ್ಟವಾಯಿತು. ಅವಳಿಗೆ ಕೆಲಸ ಕಲಿಸಿದವನು ಅವನೇ.

ಧರ್ಮಣ್ಣ ಜಗಳವಾಡಲಿಲ್ಲ. ತನ್ನ ಹಗ್ಗದ ಸುರುಳಿ ಎತ್ತಿಕೊಂಡ. "ಆತು ಬಿಡು ತಂಗಿ. ಖರೆ ಒಂದು ಮಾತು. ಎಂಥಾ ಗಾಡಿ ಇದ್ರೂ ಹೊರಾಕ ನಾಕ ಮಂದಿ ಬೇಕಾಗ್ತಾರ."

ಮುದುಕನಿಗೆ ಹೊಟ್ಟೆಕಿಚ್ಚು ಅಂದುಕೊಂಡಳು ಹಾಲವ್ವ. ಅಂದುಕೊಂಡು ಒಳಗೆ ಹೋದಳು.

ಮಳೆ ಬರುವ ಮುಂಚೆ, ಮೇ ತಿಂಗಳಲ್ಲಿ, ಸಾಂತಾಕ್ರೂಜ್‌ನ ಒಂದು ಹಳೆಯ ಸೊಸೈಟಿಯ ಕೆಲಸ ಸಿಕ್ಕಿತು. ಸಣ್ಣ ಬಿಲ್ಡಿಂಗು, ಮುಂದೆ ಕಾಂಕ್ರೀಟಿನ ಕಲ್ಲು ಹಾಸಿದ ಅಂಗಳ, ಮೂಲೆಯಲ್ಲಿ ಒಣಗಿ ನಿಂತ ಭಾರಿ ಮಳೆಮರ. ಮರ ತೆಗೆಯಲು ಪರವಾನಗಿ ಬಂದಿತ್ತು. ಸೆಕ್ರೆಟರಿ ರಮಾನಾಥ ಎಂಬವರು ಉಡುಪಿ ಕಡೆಯವರು, ಹೋಟೆಲನ್ನು ಮಗನಿಗೆ ಬಿಟ್ಟು ಈಗ ಸೊಸೈಟಿ ನೋಡಿಕೊಳ್ಳುತ್ತಿದ್ದರು. ಕನ್ನಡದವರು ಬಂದಿದ್ದಾರೆಂದು ಮೊದಲ ದಿನ ಎಲ್ಲರಿಗೂ ಇಡ್ಲಿ ತರಿಸಿದರು. ಆ ದಿನ ಕೊಂಬೆಗಳೆಲ್ಲ ಇಳಿದವು. ಕಾಂಡವನ್ನು ಮರುದಿನಕ್ಕೆ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಬೇಗ ಹಾಲವ್ವ ನೆಲ ಕೇಳಿದಳು. ಇದು ಅವರ ತಂಡದ ಹಳೆಯ ಪದ್ಧತಿ, ಧರ್ಮಣ್ಣ ಕಲಿಸಿದ್ದು. ಮುಂಬೈಯ ಅಂಗಳದ ಕೆಳಗೆ ಏನಿರುತ್ತದೋ ದೇವರಿಗೇ ಗೊತ್ತು: ಹಳೆಯ ಬಾವಿ, ಶೌಚದ ಗುಂಡಿ, ನೀರಿನ ಟಾಂಕಿ. ಭಾರ ಬೀಳುವ ಮುಂಚೆ ಚಪ್ಪಲಿ ಬಿಟ್ಟು, ಕಬ್ಬಿಣದ ಹಾರೆಯಿಂದ ಹೆಜ್ಜೆಹೆಜ್ಜೆಗೂ ಕುಟ್ಟಿ ಸದ್ದು ಕೇಳಬೇಕು. ಟೊಳ್ಳಿದ್ದರೆ ಗೊಂಯ್ ಅನ್ನುತ್ತದೆ, ಪಾದಕ್ಕೂ ತಿಳಿಯುತ್ತದೆ. ಹಾಲವ್ವ ಮರದಿಂದ ಗೇಟಿನ ತನಕ ಕುಟ್ಟುತ್ತ ಹೋದಳು. ಎಲ್ಲ ಕಡೆ ಧಪ್ ಧಪ್ ಅಂತ ಮಂದವಾಗಿ ಕೇಳಿಸಿತು. ರಮಾನಾಥ ಇನ್ನೂ ಕೆಳಗೆ ಇಳಿದಿರಲಿಲ್ಲ, ಸಾಲದ್ದಕ್ಕೆ ವಾಚ್‌ಮನ್‌ನನ್ನೂ ಕೇಳಿದಳು. ಅವನು ಈ ತಿಂಗಳು ಸೇರಿದವನು. "ಟಂಕಿ ಪೀಛೆ ಹೈ," ಎಂದು ಬಿಲ್ಡಿಂಗಿನ ಹಿಂದಕ್ಕೆ ಕೈ ತೋರಿಸಿದ.

"ನೆಲಾ ಏನಂತೈತಿ?" ಈಶ್ವರ ಗಾಡಿಯ ಮೇಲಿಂದ ಕೇಳಿದ. ಅದನ್ನು ಕೇಳದೆ ಅವನು ಯಾವತ್ತೂ ಗಾಡಿ ಮುಂದೆ ಬಿಟ್ಟವನಲ್ಲ.

"ಗಟ್ಟಿ ಐತಿ. ನಡೀರಿ."

ಬಸು ಮೇಲಿಂದ ಕಾಂಡವನ್ನು ಮಷೀನ್ ಗರಗಸದಲ್ಲಿ ಕೊರೆಕೊರೆದು ಇಳಿಸಿದ. ಗಾಡಿ ಇದೆಯಲ್ಲ ಎಂದು ತುಂಡುಗಳನ್ನು ಆಳುದ್ದ ಬಿಟ್ಟಿದ್ದರು. ಈಶ್ವರ ಅವನ್ನು ಪಂಜಾದಲ್ಲಿ ಹಿಡಿದು ಗೇಟಿನ ಪಕ್ಕಕ್ಕೆ ಒಯ್ದು ಒಂದರ ಮೇಲೊಂದು ಪೇರಿಸುತ್ತ ಬಂದ. ಲಾರಿ ಅಲ್ಲಿಗೇ ಬರುವುದಿತ್ತು.

"ಮಾಮಾ, ಅಲ್ಲಿ ಕೆಳಗ ಕಬ್ಬಿಣದ ಮುಚ್ಚಳಾ ಐತಿ," ಬಸು ಮರದಿಂದಲೇ ಕೂಗಿದ. "ನೀರಿನ ಮೀಟರಿಂದು ಕಾಣತೈತಿ."

"ಇರ್ಲಿ ತಗೋ. ಬೇಕಾದಾಗ ಎತ್ತಿದ್ರಾತು. ಗಾಡಿ ಐತಲ್ಲ."

ಅದು ಸರಿಯಾದ ಮಾತೇ. ಹಾಲವ್ವನಿಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಎಲ್ಲೋ ಒಳಗೆ ನೀರು ಮೇಲೇರಿಸುವ ಮೋಟರು ಗುಂಯ್‌ಗುಟ್ಟತೊಡಗಿತು. ಅವಳು ಕೇಳಿಸಿಕೊಂಡಳು, ಕಸ ಗುಡಿಸುವುದನ್ನು ಮುಂದುವರಿಸಿದಳು.

ಬುಡದ ದಿಮ್ಮಿ ಕೊನೆಯದು, ಎಲ್ಲಕ್ಕಿಂತ ದಪ್ಪದ್ದು. ಗಾಡಿ ಅದನ್ನು ಕಚ್ಚಿ ಎತ್ತುವಾಗ ಹಿಂಭಾಗ ಸ್ವಲ್ಪ ಮೇಲೆದ್ದಿತು. ಈಶ್ವರ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅಂಗಳದ ನಡುವೆ ಬರುತ್ತಿದ್ದಂತೆ ಕಾಲ ಕೆಳಗೆ ಒಣ ರೊಟ್ಟಿ ಮುರಿದಂಥ ಸಣ್ಣ ಸದ್ದಾಯಿತು. ದಿಮ್ಮಿ ಮೊದಲು ಹೋಯಿತು, ಅದರ ಹಿಂದೆ ಗಾಡಿಯ ಮೂಗು, ಆಮೇಲೆ ಇಡೀ ಗಾಡಿ. ಒಂದು ಕ್ಷಣದ ಹಿಂದೆ ಈಶ್ವರ ನಿಂತಿದ್ದ ಕಡೆ ಧೂಳು ಮಾತ್ರ ಕಂಡಿತು.

ಹಾಲವ್ವ ಓಡಿದಳು. ಕೆಳಗೆ ಟಾಂಕಿ. ಬಿಲ್ಡಿಂಗಿನ ಹಿಂದೆ ಇದ್ದದ್ದು ಹೊಸದು, ಇದು ಹಳೆಯದು, ಎರಡಕ್ಕೂ ನೀರು ಬರುತ್ತಿತ್ತು. ಗಾಡಿ ಒಂದು ಬದಿಗೆ ಹೊರಳಿ, ಹಿಂದೆ ನಿಂತವನನ್ನು ಟಾಂಕಿಯ ಗೋಡೆಗೆ ಒತ್ತಿ ಹಿಡಿದಿತ್ತು. ಈಶ್ವರನ ಎದೆಯ ಮೇಲ್ಭಾಗ, ತಲೆ, ಒಂದು ಕೈ ಹೊರಗಿದ್ದವು. ನೀರು ಅವನ ಸೊಂಟದ ಮೇಲಿತ್ತು.

"ಹಾಲೀ," ಅಂದ. ಉಸಿರು ಸಣ್ಣಗೆ ಬರುತ್ತಿತ್ತು. "ನಿನ್ನ ಗಾಡೀಗೆ ಏನೂ ಆಗಿಲ್ಲ ತಗೋ."

ಅವಳು ಮುರಿದ ಸ್ಲ್ಯಾಬಿನ ಮೇಲಿಂದ ಜಾರಿ ನೀರಿಗಿಳಿದು ಅವನ ಕೈ ಹಿಡಿದಳು. ಬಸುವೂ ಹಗ್ಗದ ಇಬ್ಬರೂ ಇಳಿದು ಗಾಡಿಗೆ ಹೆಗಲು ಕೊಟ್ಟರು. ಕೂದಲೆಳೆಯಷ್ಟೂ ಅಲುಗಲಿಲ್ಲ. ರಮಾನಾಥ ಪಂಚೆಯಲ್ಲೇ ಓಡಿ ಬಂದು ಅಂಚಿನಲ್ಲಿ ನಿಂತರು. ಅಗ್ನಿಶಾಮಕಕ್ಕೆ ಫೋನು ಮಾಡಿಯಾಗಿತ್ತು, ಹೊರಟಿದ್ದಾರೆ, ಹೆದ್ದಾರಿಯಲ್ಲಿ ಟ್ರಾಫಿಕ್ಕು. ಬರುವ ತನಕ ಇವನಿಗೆ ಉಸಿರಿದ್ದರೆ ಸಾಕಲ್ಲ, ಬಂದೇ ಬರುತ್ತಾರೆ, ಎಂದು ಹಾಲವ್ವ ತನಗೇ ಹೇಳಿಕೊಂಡಳು.

ಆಗ ಅವಳಿಗೆ ನೀರು ಬೀಳುವ ಸದ್ದು ಕೇಳಿಸಿತು. ನೋಡಿದರೆ, ನೀರು ಈಶ್ವರನ ಎದೆಗೆ ಬಂದಿತ್ತು.

"ನೀರು ಏರಾಕತ್ತೈತಿ," ಅಂದಳು.

"ಅಯ್ಯೋ, ಹೌದು ಮಾರಾಯ್ತಿ," ಎಂದರು ರಮಾನಾಥ. "ಮುನ್ಸಿಪಾಲ್ಟಿ ನೀರು ಬರುವ ಹೊತ್ತು ಇದು. ಬೆಳಿಗ್ಗೆ ಟಾಂಕಿ ಬಾಯಿ ತನಕ ತುಂಬಿತ್ತು, ಆಮೇಲೆ ಮೋಟರ್ ಹಾಕಿ ಅರ್ಧ ಮೇಲೆ ಕಳಿಸಿದ್ದು. ಈಗ ಪುನಃ ತುಂಬ್ತಾ ಉಂಟು."

ಬಾಯಿ ತನಕ ತುಂಬಿತ್ತು. ಹಾಲವ್ವನಿಗೆ ಈಗ ತಿಳಿಯಿತು. ತುಂಬಿದ ಟಾಂಕಿಯ ಮೇಲೆ ಹಾರೆ ಕುಟ್ಟಿದ್ದಳು. ತುಂಬಿದ ಕೊಡ ಎಲ್ಲಿ ಸದ್ದು ಮಾಡುತ್ತದೆ? ನೆಲ ಸುಳ್ಳು ಹೇಳಿರಲಿಲ್ಲ, ಅವಳು ಕೇಳಿದ ಹೊತ್ತೇ ತಪ್ಪಾಗಿತ್ತು. ಗಟ್ಟಿ ಐತಿ, ನಡೀರಿ ಅಂದವಳು ಅವಳೇ. ಆದರೆ ಅದನ್ನು ನೆನೆದು ಅಳುವುದಕ್ಕೆ ಆಗ ಸಮಯವಿರಲಿಲ್ಲ.

ಮೋಟರು ಸ್ಲ್ಯಾಬು ಬಿದ್ದಾಗಲೇ ನಿಂತಿತ್ತು, ನೀರೆಳೆಯುವ ಪೈಪು ತುಂಡಾಗಿತ್ತು. ಒಳಗೆ ಬರುವ ಪೈಪಿನ ಬಾಯಿ ಮುರಿದ ಕಾಂಕ್ರೀಟಿನ ಹಿಂದೆ, ಕೈ ತಲುಪದ ಕಡೆ ಸುರಿಯುತ್ತಿತ್ತು. ನೀರು ನಿಲ್ಲಿಸುವ ತಿರುಪು ಒಂದೇ ಇತ್ತು.

"ಎಲ್ಲೈತಿ ಅದು?" ಬಸು ಕೇಳಿದ.

"ಗೇಟಿನ ಹತ್ರ. ಮೀಟರಿನ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳ," ಎಂದು ರಮಾನಾಥ ಆ ಕಡೆ ಕೈ ತೋರಿಸಿದರು.

ಮುಚ್ಚಳದ ಮೇಲೆ ಆಳುದ್ದದ ದಿಮ್ಮಿಗಳ ರಾಶಿ. ಗಾಡಿ ಪೇರಿಸಿದ ದಿಮ್ಮಿಗಳು. ಅವನ್ನು ಎತ್ತಬಲ್ಲದ್ದು ಆ ಅಂಗಳದಲ್ಲಿ ಒಂದೇ ಒಂದಿತ್ತು, ಅದು ಟಾಂಕಿಯಲ್ಲಿ ಬಿದ್ದು ತನ್ನ ಯಜಮಾನನನ್ನೇ ಅದುಮಿ ಹಿಡಿದಿತ್ತು.

ಬಸು ಓಡಿದ. ಬಿಲ್ಡಿಂಗಿನಿಂದ ಇಳಿದ ಗಂಡಸರೂ ಓಡಿದರು. ಆಫೀಸಿಗೆ ಹೊರಟ ಬಟ್ಟೆಯಲ್ಲೇ ದಿಮ್ಮಿಗೆ ಕೈ ಹಾಕಿ ತಳ್ಳಿದರು, ಒಬ್ಬ ಈ ಕಡೆ ಎಳೆದರೆ ಇನ್ನೊಬ್ಬ ಆ ಕಡೆ. ಅಭ್ಯಾಸವಿಲ್ಲದ ಕೈಗಳು, ಪಾಪ, ಅವರ ತಪ್ಪೇನು? ಹಗ್ಗ ಹಾಕಿ ಎಲ್ಲಿ ಹಿಡಿಯಬೇಕು, ಯಾವಾಗ ಹೂಂ ಅನ್ನಬೇಕು ಎಂದು ಬಲ್ಲ ಹೆಗಲುಗಳೆಲ್ಲ ಆಂಟಾಪ್ ಹಿಲ್‌ನಲ್ಲಿ ಕೆಲಸವಿಲ್ಲದೆ ಕೂತಿದ್ದವು. ಬಸು ಎಲ್ಲರನ್ನೂ ಸರಿಸಿ ಗರಗಸ ಚಾಲೂ ಮಾಡಿದ. ತುಂಡು ಮಾಡಿಯೇ ತೆಗೆಯಬೇಕು, ಬೇರೆ ದಾರಿಯಿಲ್ಲ.

ಟಾಂಕಿಯ ಅಂಚಿನಲ್ಲಿ ಹೆಂಗಸರು ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದರು. ಹಾಲವ್ವ ಅವನ ಗದ್ದ ಎತ್ತಿ ಹಿಡಿದು ನಿಂತಿದ್ದಳು. ಗೇಟಿನ ಕಡೆಯಿಂದ ಗರಗಸದ ಕಿರುಚಾಟ ಬರುತ್ತಿತ್ತು. ನಿಂತಾಗೆಲ್ಲ ಒಂದು ತುಂಡು ಉರುಳುವ ಸದ್ದು. ಆ ಸದ್ದಿಗಾಗಿ ಇಬ್ಬರೂ ಕಿವಿಗೊಟ್ಟಿದ್ದರು.

"ಬಸುಗ ಹೇಳು... ಮ್ಯಾಲಿಂದು ಮೊದ್ಲ ಕೊರೀ ಅಂತ. ಕೆಳಗಿಂದು ಹಿಡದ್ರ ಗರಗಸ ಸಿಗಬೀಳ್ತೈತಿ."

"ಅವಂಗ ಗೊತ್ತೈತ್ರಿ. ನೀವು ಮಾತಾಡಬ್ಯಾಡ್ರಿ."

ನೀರು ಅವನ ಕೊರಳಿಗೆ ಬಂತು. ರಮಾನಾಥ ಗಿಡಗಳಿಗೆ ನೀರು ಬಿಡುವ ಪೈಪಿನ ತುಂಡೊಂದನ್ನು ಕೊಯ್ದು ತಂದು ಕೊಟ್ಟರು. ಅವಳು ಅವನ ಬಾಯಿಗಿಟ್ಟಳು. ಎಳೆದುಕೊಳ್ಳಲು ನೋಡಿದ, ಆಗಲಿಲ್ಲ. ಎದೆಯ ಮೇಲೆ ಅಷ್ಟು ಭಾರ ಕೂತಿರುವಾಗ ಪೈಪು ತಾನೇ ಏನು ಮಾಡೀತು? ಉಗುಳಿಬಿಟ್ಟ. ಅವನ ಕಣ್ಣು ಅವಳ ಮುಖದ ಮೇಲೇ ಇತ್ತು.

"ಮರದಾಗ ಆಗಿದ್ರ..." ಅಂದ. ಸಿಟ್ಟಿನಿಂದ ಹೇಳಲಿಲ್ಲ, ಕೆಲಸದ ಮಾತು ಹೇಳುವವನಂತೆ ಹೇಳಿದ. "ಸೊಂಟಕ್ಕ ಹಗ್ಗಾ ಇರ್ತಿತ್ತು ನೋಡು."

ಹಾಲವ್ವ ಅವನ ಹಣೆಗೆ ಹಣೆ ಒತ್ತಿದಳು. ನೀರು ಗದ್ದಕ್ಕೆ ಬಂತು, ಅವಳ ಬೆರಳುಗಳ ಮೇಲೆ ಹರಿಯಿತು. ಅವಳು ಅವನ ತಲೆಯನ್ನು ಇನ್ನೂ ಹಿಂದಕ್ಕೆ ಬಾಗಿಸಿದಳು. ಇನ್ನು ಬಾಗುವಷ್ಟು ಕುತ್ತಿಗೆ ಉಳಿದಿರಲಿಲ್ಲ. ಗೇಟಿನ ಕಡೆ ಗರಗಸ ನಿಂತಿತು, ಒಂದು ತುಂಡು ಉರುಳಿತು, ಮತ್ತೆ ಗರಗಸ ಶುರುವಾಯಿತು. ಅವನ ಕೈ ಅವಳ ಮಣಿಕಟ್ಟನ್ನು ಬಳೆ ಒಡೆಯುವಂತೆ ಹಿಡಿದಿತ್ತು.

ಬಸು ಕೊನೆಯ ತುಂಡು ಉರುಳಿಸಿ, ಮುಚ್ಚಳ ಕಿತ್ತು, ತುಕ್ಕು ಹಿಡಿದ ತಿರುಪನ್ನು ಸುತ್ತಿಗೆಯಿಂದ ಹೊಡೆದು ಸಡಿಲಿಸಿ ತಿರುಗಿಸಿದ. ನೀರು ನಿಂತಿತು. "ನಿಂತ್ತು ಅಕ್ಕಾ!" ಎಂದು ಕೂಗುತ್ತ ಓಡಿ ಬಂದ. ಬಂದು ನೋಡಿದರೆ ಅಕ್ಕ ಕೊರಳುದ್ದ ನೀರಿನಲ್ಲಿ ನಿಂತಿದ್ದಳು, ಎರಡೂ ಕೈ ನೀರಿನೊಳಗಿದ್ದವು, ಅಲ್ಲಿ ಅವಳೊಬ್ಬಳೇ ಕಾಣುತ್ತಿದ್ದಳು. ಅಗ್ನಿಶಾಮಕದವರು ಬಂದ ಮೇಲೆ ಗಾಡಿ ಎತ್ತುವುದಕ್ಕೆ ಅವರಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಸುದ್ದಿ ತಿಳಿದು ಧರ್ಮಣ್ಣ ಬಂದ. ಬಿಡಿಸಿದವರೆಲ್ಲ ಬಂದರು. ಒಬ್ಬನೂ ಹಳೆಯ ಮಾತೆತ್ತಲಿಲ್ಲ. ಆಂಟಾಪ್ ಹಿಲ್‌ನ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಆಂಬುಲೆನ್ಸು ತಿರುವಿನಲ್ಲೇ ನಿಲ್ಲಬೇಕು. ಅಲ್ಲಿಂದ ಮನೆಗೆ, ಮನೆಯಿಂದ ಮತ್ತೆ ರಸ್ತೆಗೆ, ಈಶ್ವರನನ್ನು ಹೆಗಲ ಮೇಲೆ ಹೊತ್ತರು. ಧರ್ಮಣ್ಣ ಮುಂದಿನ ಬಲಗಡೆ ಹೆಗಲು ಕೊಟ್ಟ. ನಾಲ್ಕು ಮಂದಿ ಒಂದೇ ಸಲ ಹೂಂ ಅಂದು ಎತ್ತಿದಾಗ ಹಾಲವ್ವ ಬಾಗಿಲಲ್ಲಿ ಕುಸಿದು ಕೂತಳು.

"ನೀ ನೆಲಾ ಕೇಳಿದ್ದಿಯಲ್ಲಕ್ಕಾ. ನಿಂದೇನು ತಪ್ಪು? ಹಣೀಬರಾ," ಎಂದು ಬಸು ಸಮಾಧಾನ ಹೇಳಿದ.

"ಹಣೀಬರಾ ಅಲ್ಲ. ತುಂಬಿದ ಟಾಕಿ ಮ್ಯಾಲ ಬಡದೆ ನಾನು," ಅಂದಳು ಹಾಲವ್ವ. "ನಳಾ ಬರೂ ಹೊತ್ತಿನ್ಯಾಗ ನೆಲಾ ಕೇಳಬಾರ್ದು. ನೆಪ್ಪಿಟ್ಕೋ."

ಗಾಡಿ ವಾಪಸು ಬಂತು. ಬಿಲ್ಲಿನಲ್ಲಿ ಅವಳ ಹೆಸರಿತ್ತಲ್ಲ, ಇನ್ನಾರಿಗೆ ಕೊಡುತ್ತಾರೆ? ಮೆಕ್ಯಾನಿಕ್ಕು ನೀರು ಬಸಿದು, ಒಳಗಿನದೆಲ್ಲ ಬಿಚ್ಚಿ ಕಟ್ಟಿದ. ಒಂದು ಬೆಳಿಗ್ಗೆ ಅದು ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಹಣೆಯ ಮೇಲಿನ ಕೆಂಪು ಹೆಸರು ಕೂಡ ಮಾಸಿರಲಿಲ್ಲ. ಹಾಲವ್ವನಿಗೆ ಅದನ್ನು ಕೊಡಲಿಯಿಂದ ಕಡಿಯಬೇಕೆನ್ನಿಸಿತು. ಕಡಿದರೆ ಹೊಟ್ಟೆಗೇನು? ಅಷ್ಟರಲ್ಲಿ ಮಳೆ ಹಿಡಿದಿತ್ತು, ಊರತುಂಬ ಮರಗಳು ಉರುಳುತ್ತಿದ್ದವು, ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಧರ್ಮಣ್ಣನ ಮನೆಗೆ ತಾನೇ ನಡೆದು ಹೋಗಿ ಬಾಗಿಲಲ್ಲಿ ನಿಂತಳು. ಅವನು ಹಗ್ಗದ ಸುರುಳಿ ಎತ್ತಿಕೊಂಡು ಹೊರಗೆ ಬಂದ.

ಮೊದಲ ಕೆಲಸ ಒಂದು ಬಿದ್ದ ಗುಲ್‌ಮೊಹರ್. ಬಸು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಗರಗಸ ಹಿಡಿದು ಕಾಂಡದ ನಡುವಿಗೆ ಹೋದ.

"ಅಲ್ಲಲ್ಲ," ಎಂದಳು ಹಾಲವ್ವ. ಹಾರೆಯ ಮೊನೆಯಿಂದ ತೊಗಟೆಯ ಮೇಲೆ ಗೆರೆ ಎಳೆದಳು. "ಇಲ್ಲಿ ಕೊರಿ."

"ಇಷ್ಟ ಸಣ್ಣದೇನಕ್ಕಾ? ಗಾಡಿ ಎತ್ತತೈತಲ್ಲ."

"ನಾಕ ಮಂದಿ ಎತ್ತಂಗಿರ್ಬೇಕು."

"ಹಂಗಾದ್ರ ಗಾಡಿ ಯಾಕಬೇಕು?"

"ಗಾಡಿ ಇರ್ತೈತಿ, ಇರಂಗಿಲ್ಲ. ಇಲ್ಲಿ ಕೊರಿ ಅಂದೆ."

ಬಸು ಕೊರೆದ. ಅವಳು ಗಾಡಿಯನ್ನು ಹತ್ತಿರ ಬರಗೊಡಲಿಲ್ಲ, ಮೊದಲು ಎತ್ತಿ ತೋರಿಸಿರಿ ಅಂದಳು. ಧರ್ಮಣ್ಣ ಹಗ್ಗ ಕಟ್ಟಿ ಬಿದಿರು ತೂರಿಸಿದ, ಇನ್ನು ಮೂವರು ಬಾಗಿದರು, ಹೂಂ ಅಂದು ಎತ್ತಿದರು. ದಿಮ್ಮಿ ಹೆಗಲಿಗೆ ಬಂತು. ಮಳೆಯಲ್ಲಿ ನಾಲ್ವರೂ ಗೇಟಿನ ತನಕ ನಡೆದು, ಇಳಿಸಿ, ವಾಪಸು ಬಂದರು.

"ಭಾರ ಆತೇನು, ಅಣ್ಣಾ?"

ಧರ್ಮಣ್ಣ ಹೆಗಲು ತಿಕ್ಕಿಕೊಳ್ಳುತ್ತ ಅವಳ ಕಡೆ ನೋಡದೆ ಹೇಳಿದ. "ಇಲ್ಲ ತಂಗಿ. ಆವತ್ತಿನಷ್ಟಿಲ್ಲ."

ಹಾಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಗೆರೆ ಎಳೆದಳು.